ಗಾಡಿಗೆ ಝಳಕ

ನಲವತ್ತೆಂಟು ಡಿಗ್ರಿ ಅಂತೆ! ಡಿಸೆಂಬರ್ ಕೊನೆಯ ವಾರ, ಖಾನಾಪುರದಾಚೆ ಕಾಡಂಚಿನ ಕೆಂಚನಟ್ಟಿ, ಸೂರ್ಯ ಇನ್ನೂ ಮುಖ ತೋರಿಸದ ಹೊತ್ತು. ಬಾಯಿ ತೆರೆದರೆ ಉಸಿರು ಹೊಗೆಯಾಗುವ ಆ ಚಳಿಯಲ್ಲಿ, ಇಡೀ ರಾತ್ರಿ ಬಯಲಲ್ಲಿ ನಿಂತಿದ್ದ ಆಂಬುಲೆನ್ಸಿನ ಎಂಜಿನ್ ನಲವತ್ತೆಂಟು ಡಿಗ್ರಿ ಬೆಚ್ಚಗಿತ್ತಂತೆ. ಹಾಗಂತ ಬರೆದದ್ದು ಬೇರೆ ಯಾರೂ ಅಲ್ಲ, ಆ ಗಾಡಿ ತಯಾರಿಸಿದ, ನಾನು ಕೆಲಸ ಮಾಡುವ ಚೈತ್ರವಾಹಿನಿ ಕಂಪನಿ. ಆ ವರದಿ ಓದಿ ನನ್ನ ಮೈಯೆಲ್ಲ ಉರಿದುಹೋಯಿತು.

"ಎಂಜಿನ್ ಬೆಚ್ಚಗಿತ್ತು. ಇಂಧನ ಸರಿಯಾದ ಪ್ರಮಾಣದಲ್ಲಿ ಹೋಗಿದೆ. ವಾಹನದಲ್ಲಿ ದೋಷವಿಲ್ಲ. ಚಾಲಕನ ನಿರ್ಲಕ್ಷ್ಯವೇ ಕಾರಣ." ಇಷ್ಟೇ ಬರೆದು ಕೈತೊಳೆದುಕೊಂಡಿದ್ದರು. ಆ ಚಾಲಕ ನನ್ನ ಒಡಹುಟ್ಟಿದ ಅಣ್ಣ ಫಕೀರಪ್ಪ.

ಅವತ್ತು ಕೆಂಚನಟ್ಟಿಯ ಆರೋಗ್ಯ ಉಪಕೇಂದ್ರದಲ್ಲಿ ಯಲ್ಲವ್ವ ಎಂಬ ಹೆಣ್ಣುಮಗಳು ಹೆರಿಗೆ ನೋವು ತಿನ್ನುತ್ತಿದ್ದಳು. ಹೊಟ್ಟೆಯೊಳಗಿನ ಕೂಸಿನ ಎದೆಬಡಿತ ಇಳಿಯುತ್ತಿದೆ, ಈಗಿಂದೀಗಲೇ ಬೆಳಗಾವಿಗೆ ಒಯ್ಯಬೇಕು ಎಂದು ನರ್ಸ್ ಕೂಗಿ ಹೇಳಿದರು. ಅಣ್ಣ ಕೀಲಿ ತಿರುಗಿಸಿದ. ಗಾಡಿ ಗರ್ರ್ ಗರ್ರ್ ಎಂದಿತೇ ಹೊರತು ಚಾಲೂ ಆಗಲಿಲ್ಲ. ಮತ್ತೆ ಮತ್ತೆ ತಿರುಗಿಸಿದ. ಕಡೆಗೆ ಬ್ಯಾಟರಿಯೇ ಸತ್ತುಹೋಯಿತು. ಊರಿನವರು ಹಳೆಯ ಡೀಸೆಲ್ ಟ್ರ್ಯಾಕ್ಟರಿನ ಟ್ರೇಲಿಯಲ್ಲಿ ಹುಲ್ಲು ಹಾಸಿ ಯಲ್ಲವ್ವನನ್ನು ಮಲಗಿಸಿಕೊಂಡು ಹೊರಟರು. ಹಾದಿಯಲ್ಲೇ ಹೆರಿಗೆಯಾಯಿತು. ಕೂಸು ಅಳಲಿಲ್ಲ.

ಅಣ್ಣನನ್ನು ಕೆಲಸದಿಂದ ಅಮಾನತು ಮಾಡಿದರು. ಪೊಲೀಸ್ ಕೇಸು ಬೇರೆ. ಸರ್ಕಾರದ ವಿಚಾರಣಾ ಸಮಿತಿ ಕೂರುವುದು ಮುಂದಿನ ಸೋಮವಾರ. ಕಂಪನಿಯ ವರದಿಯನ್ನು ಸಮಿತಿ ಒಪ್ಪಿಕೊಂಡರೆ ಅಣ್ಣ ಜೈಲಿಗೆ ಹೋಗುವುದರಲ್ಲಿ ಸಂಶಯವಿರಲಿಲ್ಲ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಪಂಪುಗಳಲ್ಲಿ ಪೆಟ್ರೋಲ್ ಸಿಗುವುದು ನಿಂತು ಈಗ ವರ್ಷಗಳೇ ಆದವು. ಎಲ್ಲ ಕಡೆ ಎಥನಾಲ್. ಕಬ್ಬಿನಿಂದ ಬರುತ್ತದೆಂದು ನಮ್ಮ ಕಡೆಯ ಜನ ಅದನ್ನು ಕಬ್ಬಿನೆಣ್ಣಿ ಅನ್ನುತ್ತಾರೆ. ಅದರದ್ದೊಂದು ಹಟ ಇದೆ. ಚಳಿಯಲ್ಲಿ ಅದು ಪೆಟ್ರೋಲಿನ ಹಾಗೆ ಸುಲಭವಾಗಿ ಆವಿಯಾಗುವುದಿಲ್ಲ, ಆವಿಯಾಗದೆ ಹೊತ್ತಿಕೊಳ್ಳುವುದಿಲ್ಲ. ಆದ್ದರಿಂದ ಎಂಜಿನ್ ತಣ್ಣಗಿದ್ದಾಗ ಇಂಧನವನ್ನು ಮಾಮೂಲಿಗಿಂತ ಎಷ್ಟೋ ಪಟ್ಟು ಹೆಚ್ಚು ಚಿಮ್ಮಿಸಬೇಕು. ಎಷ್ಟು ಚಿಮ್ಮಿಸಬೇಕೆಂದು ತೀರ್ಮಾನಿಸುವುದು ಎಂಜಿನ್ನಿನ ಕಂಪ್ಯೂಟರ್. ಕೀಲಿ ತಿರುಗಿಸಿದ ಕೂಡಲೇ ಅದು ಎಚ್ಚರಾಗಿ, ಬಾನೆಟ್ಟಿನ ಕೆಳಗಿರುವ ಒಂದೇ ಒಂದು ಉಷ್ಣಮಾಪಕವನ್ನು ಕೇಳುತ್ತದೆ. ಬಂದ ಉತ್ತರವನ್ನು ತನ್ನೊಳಗಿನ ಕೋಷ್ಟಕದಲ್ಲಿ ಹುಡುಕಿ, ಆ ಸಾಲಿನಲ್ಲಿ ಬರೆದಷ್ಟು ಇಂಧನ ಬಿಡುತ್ತದೆ. ಆ ಕೋಷ್ಟಕವನ್ನು ತಿದ್ದುವವಳು ನಾನು. ಬೇಸಿಗೆಯಲ್ಲಿ ಪುಣೆಯಿಂದ ಬೆಳಗಾವಿಯ ನಿಯಂತ್ರಣ ಕೊಠಡಿಗೆ ವರ್ಗವಾಗಿ ಬಂದು ಕಂಪನಿಯ ಕ್ವಾರ್ಟರ್ಸಿನಲ್ಲಿದ್ದೆ. ಈ ಕೆಲಸಕ್ಕೆ ಸೇರಿದ ಮೇಲೆ ಇಲ್ಲಿಯ ಚಳಿಗಾಲ ಇದೇ ಮೊದಲು.

ಆದರೆ ಈಗ ಕೋಷ್ಟಕವನ್ನು ಮನುಷ್ಯರು ತಿದ್ದುವುದಕ್ಕಿಂತ ಗಾಡಿಗಳೇ ತಿದ್ದುವುದು ಹೆಚ್ಚು. ಅದಕ್ಕೆ ಕೂಡುಕಲಿಕೆ ಎಂದು ಹೆಸರು. ಜಿಲ್ಲೆಯ ಪ್ರತಿ ಗಾಡಿಯೂ ತಾನು ಚಾಲೂ ಆದ ಬಗೆಯನ್ನು ನಮ್ಮ ಕೊಠಡಿಗೆ ಕಳಿಸುತ್ತದೆ. ಎಲ್ಲವನ್ನೂ ಕೂಡಿಸಿ ಇಡೀ ಜಿಲ್ಲೆಗೆ ಒಂದೇ ಕೋಷ್ಟಕ ತಯಾರಾಗಿ ಎಲ್ಲ ಗಾಡಿಗಳಿಗೂ ವಾಪಸ್ ಹೋಗುತ್ತದೆ. ಕೇಳಲು ಬಹಳ ಚೆಂದ.

ವರದಿ ಓದಿದವಳು ಸೀದಾ ವಡಗಾವಿಯ ನಮ್ಮ ಮನೆಗೆ ಹೋದೆ. ನಮ್ಮದು ನೇಕಾರರ ಓಣಿ. ಪ್ರತಿ ಮನೆಯಲ್ಲೂ ಮಗ್ಗದ ಸದ್ದು, ಪ್ರತಿ ಮನೆಯ ಮುಂದೆ ಸೀರೆ ಸಾಗಿಸುವ ಟೆಂಪೋನೋ ರಿಕ್ಷಾನೋ. ಅಣ್ಣ ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ಅವ್ವ ತಾಟಿನಲ್ಲಿಟ್ಟ ರೊಟ್ಟಿ ಒಣಗಿ ಬಿರುಕುಬಿಟ್ಟಿತ್ತು.

"ಅಣ್ಣಾ, ಅವತ್ತ ಗಾಡಿಗೆ ಏನೇನ ಮಾಡಿದಿ, ಒಂದೊಂದ ಬಿಡಿಸಿ ಹೇಳ."

"ಏನ ಹೇಳ್ಲಿ ನಂದಾ? ದಿನಾ ಮಾಡೂದನ್ನ ಮಾಡಿದೆ. ನರ್ಸಬಾಯಿ ಒಲಿ ಮ್ಯಾಲಿನ ನೀರ ತಗೊಂಡ ಝಳಕಾ ಮಾಡಿಸಿದೆ, ಕೀಲಿ ತಿರುವಿದೆ."

"ಝಳಕಾ? ಯಾರಿಗೆ?"

"ಗಾಡಿಗೆ."

ನನಗೆ ತಲೆಬುಡ ತಿಳಿಯಲಿಲ್ಲ. ಬಚ್ಚಲಲ್ಲಿ ಹಂಡೆಯ ಕೆಳಗೆ ಕಟ್ಟಿಗೆ ತುರುಕುತ್ತಿದ್ದ ಅವ್ವ ಅಲ್ಲಿಂದಲೇ ಹೇಳಿದಳು. "ಅಷ್ಟೂ ತಿಳ್ಯಂಗಿಲ್ಲೇನ? ಥಂಡ್ಯಾಗ ಕಬ್ಬಿನೆಣ್ಣಿ ಗಾಡಿ ಏಳತಾವೇನ? ಮುಂಜಾನೆ ಬಾನೆಟ್ ತಗದ ಎಣ್ಣಿ ಪೈಪಿನ ಮ್ಯಾಲೆ ಬಿಸಿನೀರ ಸುರವಿದ್ರ ಹ್ವಾದ ಜೀವ ಬಂದಂಗ ಏಳತಾವ. ಈ ಓಣ್ಯಾಗ ಎಲ್ಲಾರಿಗೂ ಕಲಿಸಿದಾಕಿ ನಾನ ಅದೇನಿ."

ಹೌದು, ಆ ಮಾತಿನಲ್ಲಿ ಹೆಮ್ಮೆ ಇತ್ತು. ಮರುದಿನ ಬೆಳಗಿಗೆ ಓಣಿಯಲ್ಲಿ ನಿಂತು ಕಣ್ಣಾರೆ ನೋಡಿದೆ. ಮನೆಮನೆಯಿಂದ ತಂಬಿಗೆ, ಕೊಡ, ಬಕೆಟ್ಟು ಹಿಡಿದು ಹೆಂಗಸರು ಬಂದರು. ಎಣ್ಣೆ ಪೈಪಿನ ಮೇಲೆ ಬಿಸಿನೀರು ಸುರಿದು, ಹಬೆ ಎದ್ದ ಮೇಲೆ "ಹೂಂ, ತಿರುವ್ರಿ" ಎಂದು ಗಂಡಸರಿಗೆ ಅಪ್ಪಣೆ ಕೊಟ್ಟರು. ಗಾಡಿಗಳು ಕೆಮ್ಮುತ್ತ ಎದ್ದವು. "ಗಾಡಿಗೆ ಝಳಕಾ ಆತೇನ್ರಿ?" ಅನ್ನುವುದು ಚಹಾ ಆಯಿತೇ ಅನ್ನುವಷ್ಟೇ ಸಹಜವಾಗಿತ್ತು. ಬೆಳಗಾವಿಯಷ್ಟೇ ಅಲ್ಲ, ಖಾನಾಪುರ, ಕಿತ್ತೂರಿನ ತನಕ ಎಲ್ಲ ಕಡೆ ಹೀಗೇ ಅಂತೆ.

"ಮೊದಲನೇ ವರ್ಷ ಒಂದ ತಂಬಿಗಿ ಸಾಕಾಗ್ತಿತ್ತ ನೋಡ," ಅಂದಳು ಅವ್ವ. "ಹ್ವಾದ ವರ್ಷ ಮೂರ ಆತ. ಈ ವರ್ಷ ಅರ್ಧ ಕೊಡ ಸುರವಿದ್ರೂ ಮುನಿಸಿಕೊಂಡ ಕುಂದರತೈತಿ. ಹಟಾ ಭಾಳ ಆಗೈತಿ ಇದಕ್ಕ."

ಅವ್ವನ ಆ ಮಾತು ಕೇಳಿದ್ದೇ ಬಾನೆಟ್ಟಿನೊಳಗೆ ಬಗ್ಗಿ ನೋಡಿದೆ. ಎಣ್ಣೆ ಪೈಪಿನ ಬುಡಕ್ಕೆ ಅಂಟಿಕೊಂಡೇ ಇತ್ತು ನಮ್ಮ ಕಂಪನಿಯ ಆ ಒಂದೇ ಒಂದು ಉಷ್ಣಮಾಪಕ. ಮುಂಚೆ ಹೊರಗಿನ ಹವೆ ಅಳೆಯಲು ಇನ್ನೊಂದು ಇರುತ್ತಿತ್ತು. ಖರ್ಚು ಉಳಿಸಲು ಕಿತ್ತುಹಾಕಿದ್ದರು. ಅವ್ವನ ಬಿಸಿನೀರೆಲ್ಲ ಇದರ ತಲೆಯ ಮೇಲೆ!

ನಿಯಂತ್ರಣ ಕೊಠಡಿಗೆ ಓಡಿದೆ. ಅಲ್ಲಿ ಹನ್ನೆರಡು ತಿಂಗಳೂ ಇಪ್ಪತ್ನಾಲ್ಕು ಡಿಗ್ರಿ. ಗೋಡೆಯ ತುಂಬ ಜಿಲ್ಲೆಯ ನಕ್ಷೆ, ಒಂದೊಂದು ಗಾಡಿಗೆ ಒಂದೊಂದು ಹಸಿರು ಚುಕ್ಕೆ. ಹಳೆಯ ದಾಖಲೆಗಳನ್ನೆಲ್ಲ ಎಳೆದು ನೋಡಿದೆ. ಬೆಳಗಾವಿ ಜಿಲ್ಲೆಯಲ್ಲಿ ಯಾವ ಚಳಿಗಾಲದ ಯಾವ ಮುಂಜಾನೆಯೂ ಹದಿನೈದು ಡಿಗ್ರಿಗಿಂತ ತಣ್ಣಗಿದ್ದ ಗಾಡಿಯೇ ಇಲ್ಲ! ಅಲ್ಲೊಂದು ಇಲ್ಲೊಂದು ಇದ್ದದ್ದನ್ನು ಯಂತ್ರವೇ ತಪ್ಪು ಅಂಕಿಯೆಂದು ಬಿಸಾಕಿತ್ತು. ಚಳಿಯ ಸಾಲನ್ನು ಯಾರೂ ಬಳಸುತ್ತಿಲ್ಲ, ಹೆಚ್ಚು ಇಂಧನ ಬಿಟ್ಟರೆ ಹೊಗೆ ಜಾಸ್ತಿ, ಹೊಗೆ ಜಾಸ್ತಿಯಾದರೆ ಕಂಪನಿಗೆ ದಂಡ. ಹಾಗಾಗಿ ಕೂಡುಕಲಿಕೆ ಆ ಸಾಲನ್ನೇ ಅಳಿಸಿಹಾಕಿತ್ತು. ಉಳಿದ ಸಾಲುಗಳಲ್ಲೂ ವರ್ಷ ವರ್ಷ ಇಂಧನ ಕಡಿಮೆ ಮಾಡುತ್ತ ಬಂದಿತ್ತು. ಗಾಡಿ ಏಳದಿದ್ದಷ್ಟೂ ಜನ ಹೆಚ್ಚು ಬಿಸಿನೀರು ಸುರಿದರು. ಹೆಚ್ಚು ಸುರಿದಷ್ಟೂ ಕಂಪ್ಯೂಟರ್ ಇದು ಸೆಕೆಯ ಊರು ಎಂದು ನಂಬಿತು. ಕೆಂಚನಟ್ಟಿಯ ಚಳಿಯಲ್ಲಿ ಉಷ್ಣಮಾಪಕದ ಮೇಲೆ ಮಾತ್ರ ನಲವತ್ತೆಂಟು ಡಿಗ್ರಿ ನೀರು, ಒಳಗೆ ಎಂಜಿನ್ ಕಲ್ಲಿನಂತೆ ತಣ್ಣಗೆ. ಕಂಪ್ಯೂಟರ್ ನಾಲ್ಕು ಹನಿ ಇಂಧನ ಬಿಟ್ಟು ಸುಮ್ಮನಾಗಿದೆ.

ನಮ್ಮ ಮುಖ್ಯಸ್ಥ ಪ್ರಹ್ಲಾದ ಇನಾಮದಾರರ ಮುಂದೆ ಎಲ್ಲವನ್ನೂ ಹರಡಿದೆ. ಅವರು ಶಾಂತವಾಗಿ ಕೇಳಿದರು. ಆ ಶಾಂತಿ ನೋಡಿಯೇ ನನಗೆ ರೇಗಿತು.

"ಮಹಾನಂದಾ ಅವರೇ, ನಿಮ್ಮ ಅಣ್ಣನ ವಿಷಯ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ನೂರಕ್ಕೆ ತೊಂಬತ್ತೊಂಬತ್ತು ಗಾಡಿ ಚಾಲೂ ಆಗಿವೆ. ದಾಖಲೆ ಇದೆ."

"ಸರ್, ಆ ಕಿಟಕಿ ತೆಗೀರಿ ಒಮ್ಮೆ. ಕೈ ಹೊರಗೆ ಹಾಕಿ ನೋಡ್ರಿ. ಅದಕ್ಕೂ ದಾಖಲೆ ಬೇಕಾ?"

"ಕಿಟಕಿಯ ಹೊರಗಿನ ಚಳಿಗೂ ನಮಗೂ ಸಂಬಂಧವಿಲ್ಲ. ನಾವು ನೋಡುವುದು ಎಂಜಿನ್ನಿನ ಚಳಿ. ಅದು ನಿಯಮ."

"ಎಂಜಿನ್ನಿನದಲ್ಲ, ನಮ್ಮವ್ವನ ಹಂಡೆ ನೀರಿನ ಬಿಸಿ ನೋಡ್ತಿದೀರಿ ನೀವು!"

ಆಗ ಅವರು ನಕ್ಕರು. ನಿಜವಾಗಿಯೂ ನಕ್ಕರು. "ನೀರು ಹಾಕಿ ಅಂತ ನಾವು ಹೇಳಿದ್ದೆವಾ? ನೀವೇ ಈಗ ಒಪ್ಪಿಕೊಂಡ ಹಾಗಾಯಿತು. ಚಾಲಕ ವಿದ್ಯುತ್ ಭಾಗಗಳ ಮೇಲೆ ನೀರು ಸುರಿದಿದ್ದಾನೆ. ಇದನ್ನು ಸಮಿತಿಯ ಮುಂದೆ ಹೇಳಿದರೆ ನಿಮ್ಮ ಅಣ್ಣನ ಕುತ್ತಿಗೆಗೇ ಬರುತ್ತದೆ. ಯೋಚನೆ ಮಾಡಿ."

ಕೈಯಲ್ಲಿದ್ದ ಕಾಗದಗಳನ್ನು ಅವರ ಮುಖಕ್ಕೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಕೂಡುಕಲಿಕೆಗೊಂದು ನಿಯಮ ಇದ್ದದ್ದು ನೆನಪಾಯಿತು. ಒಂದೋ ಎರಡೋ ಗಾಡಿ ಏಳದಿದ್ದರೆ ಅದು ಆ ಗಾಡಿಯ ತಪ್ಪು. ಅದೇ ಒಂದೇ ಮುಂಜಾನೆ ಸಾವಿರಾರು ಗಾಡಿ ಚಳಿಯ ಅಂಕಿ ತೋರಿಸಿ ಏಳದೆ ಹೋದರೆ ಮಾತ್ರ ಅದು ಕೋಷ್ಟಕದ ತಪ್ಪು. ಆಗ ಯಂತ್ರವೇ ಹೊಸ ಸಾಲು ಬೇಕೆಂದು ಕೇಳುತ್ತದೆ. ಆ ಪಾಳಿಯಲ್ಲಿದ್ದ ಎಂಜಿನಿಯರ್ ಕಾರಣ ನಮೂದಿಸಿ ಒಪ್ಪಿಗೆ ಕೊಟ್ಟರೆ ಸಾಕು, ಯಾರ ಅಪ್ಪಣೆಯೂ ಬೇಡ. ಶನಿವಾರ ಮುಂಜಾನೆಯ ಪಾಳಿ ನನ್ನದೇ ಇತ್ತು.

ಅಂದರೆ ಜನ ಒಂದು ದಿನ ಗಾಡಿಗೆ ಬಿಸಿನೀರು ಹಾಕಬಾರದು. ಅಷ್ಟೇ. ಆದರೆ ಹೇಳಿ ನೋಡಿ ನಮ್ಮ ಓಣಿಯವರಿಗೆ!

"ಗಾಡಿ ಏಳಲಿಲ್ಲಂದ್ರ ಸೀರಿ ಗಂಟ ನಿಮ್ಮ ಕಂಪ್ನಿಯವರ ತಲಿ ಮ್ಯಾಲೆ ಹೊತಗೊಂಡ ಹೋಗ್ತಾರೇನ?" ಎಂದು ಎದುರುಮನೆಯ ಟೆಂಪೋ ಮಾಲೀಕ ಶಂಕ್ರೆಪ್ಪ ಹರಿಹಾಯ್ದ. "ಕೆಡಿಸಿದವರ ಅವರು, ಒದ್ದಾಡವರ ನಾವು. ಈಗ ರಿಪೇರಿನೂ ನಾವ ಮಾಡಬೇಕಾ?"

ಅವನ ಸಿಟ್ಟಿನಲ್ಲಿ ತಪ್ಪೇನಿತ್ತು? ನಾನು ಮನೆಗೆ ಬಂದೆ. ಅಲ್ಲಿ ಅವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು.

"ಓಣ್ಯಾಗ ಏನ ಹೇಳಾಕತ್ತೀ? ಬಿಸಿನೀರಿಂದನ ಗಾಡಿ ಕೆಟ್ಟಾವಂತ? ಹಂಗಾರ ಆ ಕೂಸನ್ನ ನಾ ಕೊಂದೆನೇನ?"

"ನಿನಗ ಹಂಗ ಅಂದೆನೇನ ಯವ್ವಾ?"

"ಮತ್ತೇನಂದಿ? ನೀರ ಹಾಕಾಕ ಕಲಿಸಿದಾಕಿ ನಾ. ನಿಮ್ಮಣ್ಣಗ ಕಲಿಸಿದಾಕಿನೂ ನಾ. ದೊಡ್ಡ ಸಾಲಿ ಕಲತ ಬಂದ ನಿಮ್ಮವ್ವನ ಕೊರಳಿಗೇ ಗಂಟ ಹಾಕಾಕ ನಿಂತೀಯಲ್ಲ!"

ನಾನೂ ತಾಳ್ಮೆ ಕಳೆದುಕೊಂಡೆ. "ಗಾಡಿ ಏಳಲಿಲ್ಲಂದ್ರ ಕಂಪ್ನಿ ಬಾಗಲಾ ಬಡೀಬೇಕಿತ್ತ! ಎಲ್ಲಾರೂ ಕೂಡಿ ಬಾಯಿ ಮಾಡಬೇಕಿತ್ತ! ಸುಮ್ಮ ಹಂಡೆ ಕಾಸಕೋತ ಕುಂತ್ರಿ. ನೀವ ಹೆಂಗೋ ಹೊಂದಸ್ಕೊಂಡ ಹೋದ್ರಿ, ಅವರ ಪರದೆ ತುಂಬ ಹಸಿರ ಚುಕ್ಕಿ ನೋಡಿ ಚಪ್ಪಾಳಿ ಹೊಡಕೊಂಡ್ರ. ನಮ್ಮ ಹೊಂದಾಣಿಕಿನ ಅವರಿಗೆ ಸರ್ಟಿಫಿಕೇಟ ಆತ!"

ಮೂಲೆಯಿಂದ ಅಣ್ಣ, ಎಷ್ಟೋ ದಿನಗಳ ಮೇಲೆ ಮೊದಲ ಸಲ, ತಾನಾಗಿ ಬಾಯಿ ತೆರೆದ.

"ನಾ ಮೂರ ಸಲ ಸುರವಿದೆನವ್ವಾ," ಅಂದ. "ಮೊದಲ ಒಂದ ಕೆಟಲಿ. ಏಳಲಿಲ್ಲ. ಮತ್ತೊಂದ ಕಾಸಿ ತಂದೆ. ಏಳಲಿಲ್ಲ. ಮೂರನೇದ್ದಕ್ಕ ಯಲ್ಲವ್ವ ಒಳಗಿಂದ ಚೀರಿದಳ. ಒಲೀಮ್ಯಾಲೆ ನೀರ ಕಾಯೂದನ್ನ ನೋಡಕೋತ ನಿಂತಿದ್ದೆ ನಾ. ಆಕಿ ಚೀರತಿದ್ದಳ, ನಾ ನೀರ ಕಾಯಸ್ತಿದ್ದೆ." ಆಮೇಲೆ ಗಂಡಸು ಅತ್ತದ್ದನ್ನು ನಾನು ಬರೆಯುವುದಿಲ್ಲ.

ಅವ್ವ ಬಚ್ಚಲಿಗೆ ಹೋದಳು. ಒಲೆಯೊಳಗಿನ ಉರಿಯುವ ಕಟ್ಟಿಗೆಗಳನ್ನು ಒಂದೊಂದಾಗಿ ಎಳೆದು ನೀರಿಗೆ ಅದ್ದಿದಳು. ಚುಂಯ್ ಎಂದು ಹೊಗೆ ಎದ್ದು ಮನೆಯೆಲ್ಲ ತುಂಬಿತು. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡಳು.

"ಎಲ್ಲಿಗವ್ವಾ?"

"ಹಾಕ್ರಿ ಅಂತ ಮನಿಮನಿಗೆ ಹೋಗಿ ಕಲಿಸಿದಾಕಿ ನಾನ. ಹಾಕಬ್ಯಾಡ್ರಿ ಅಂತ ಹೇಳೂದೂ ನಂದ ಕೆಲಸ. ಶಂಕ್ರೆಪ್ಪ ಏನಂತಾನ ನಾನೂ ನೋಡತೇನಿ."

ಶಂಕ್ರೆಪ್ಪನ ಮನೆಯೊಳಗೆ ಅವ್ವ ಏನು ಹೇಳಿದಳೋ ಗೊತ್ತಿಲ್ಲ. ಹೊರಬಂದಾಗ ಅವನೂ ಜೊತೆಗಿದ್ದ, ಅಂಗಿಯ ತೋಳು ಮಡಚುತ್ತ. ಶುಕ್ರವಾರ ಸಂಜೆಯೊಳಗೆ ವಡಗಾವಿ ಮುಗಿಯಿತು. ಶಹಾಪುರದಲ್ಲಿ ಅವ್ವನ ಬೀಗರಿದ್ದರು, ಅನಗೋಳದಲ್ಲಿ ಶಂಕ್ರೆಪ್ಪನ ಟೆಂಪೋ ಸಂಘ, ಖಾನಾಪುರದ ಕಡೆ ಅಣ್ಣನ ಜೊತೆಯ ಡ್ರೈವರುಗಳು. ಫೋನುಗಳು ಒಂದೇ ಸಮ ಬಡಿದುಕೊಂಡವು. ಮಾತು ಇಷ್ಟೇ: ನಾಳೆ ಮುಂಜಾನೆ ಗಾಡಿಗೆ ಝಳಕಾ ಇಲ್ಲ. ಆಂಬುಲೆನ್ಸುಗಳನ್ನು ಮಾತ್ರ ಎಂಜಿನ್ ಆರಿಸದೆ ಇಡೀ ರಾತ್ರಿ ಚಾಲೂ ಇಡಬೇಕೆಂದು ಅಣ್ಣನೇ ಕೂತು ಒಬ್ಬೊಬ್ಬ ಡ್ರೈವರಿಗೆ ಫೋನ್ ಮಾಡಿ ಹೇಳಿದ. ಅಷ್ಟು ಮಾಡಿ, ಒಂದು ರೊಟ್ಟಿ ತಿಂದ.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ನಾನು ಗೋಡೆಯ ನಕ್ಷೆಯ ಮುಂದೆ ಕೂತಿದ್ದೆ. ಮೊದಲ ಕೆಂಪು ಚುಕ್ಕೆ ಬಿದ್ದದ್ದು ವಡಗಾವಿಯಲ್ಲಿ. ಅಂಕಿ ನೋಡಿದೆ: ಹನ್ನೊಂದು ಡಿಗ್ರಿ. ಬೆಳಗಾವಿಯ ಗಾಡಿಯೊಂದು ವರ್ಷಗಳ ನಂತರ ನಿಜ ಹೇಳಿತ್ತು. ಆಮೇಲೆ ಶಹಾಪುರ. ಆಮೇಲೆ ಅನಗೋಳ. ಆಮೇಲೆ ನಕ್ಷೆಗೆ ದಡಾರ ಎದ್ದ ಹಾಗೆ ಮೈಯೆಲ್ಲ ಕೆಂಪಾಗುತ್ತ ಹೋಯಿತು. ಖಾನಾಪುರದ ಕಡೆ ಎಂಟು ಡಿಗ್ರಿ, ಏಳು ಡಿಗ್ರಿ. ಇನಾಮದಾರರು ಸ್ವೆಟರಿನ ಮೇಲೆ ಶಾಲು ಹೊದ್ದು, ಏದುಸಿರು ಬಿಡುತ್ತ ನಡೆದುಕೊಂಡೇ ಬಂದರು. ಅವರ ಕಾರೂ ಎದ್ದಿರಲಿಲ್ಲ. ಅವರ ಮನೆಯ ಗೇಟಿನ ಕಾವಲುಗಾರ ದಿನಾ ಸಾಹೇಬರು ಏಳುವ ಮೊದಲೇ ಕಾರಿಗೆ ಝಳಕ ಮಾಡಿಸಿಡುತ್ತಿದ್ದ ಸಂಗತಿ ಅವರಿಗೆ ಅವತ್ತೇ ಗೊತ್ತಾದದ್ದು.

"ಯಾರ ಕೆಲಸ ಇದು? ನಿಲ್ಲಿಸಿ!"

"ಏನನ್ನ ನಿಲ್ಲಿಸಲಿ ಸರ್? ಚಳಿನಾ?"

ಪರದೆಯ ಮೇಲೆ ಯಂತ್ರ ತಾನಾಗಿ ಕೇಳಿತು: ಹದಿನೈದು ಡಿಗ್ರಿಗಿಂತ ಕೆಳಗೆ ಹೊಸ ಸಾಲು ಸೇರಿಸಬೇಕೇ? ಸೇರಿಸಬೇಕು ಎಂದು ಒತ್ತಿದೆ. ಇಂಧನದ ಪ್ರಮಾಣ ಬರೆದೆ. ಕಾರಣ ನಮೂದಿಸಿ, ಅಂದಿತು. ಆ ಜಾಗದಲ್ಲಿ ನಾವು ಮಾಮೂಲಾಗಿ ಒಣ ಮಾತು ಬರೆಯುತ್ತೇವೆ. ನನ್ನ ಬೆರಳುಗಳು ಬೇರೇನನ್ನೋ ಬರೆದವು. ಒಪ್ಪಿಗೆ ಒತ್ತಿದೆ. ಮಧ್ಯಾಹ್ನದೊಳಗೆ ಹೊಸ ಕೋಷ್ಟಕ ಜಿಲ್ಲೆಯ ಎಲ್ಲ ಗಾಡಿಗಳ ಹೊಟ್ಟೆಯೊಳಗೆ ಹೋಗಿ ಕೂತಿತು. ಭಾನುವಾರ ಮುಂಜಾನೆ ಇಡೀ ಓಣಿ ಒಂದೇ ಕೀಲಿಗೆ ಎದ್ದಿತು.

ಸೋಮವಾರ ವಿಚಾರಣೆ. ಸಭಾಂಗಣದ ಹಿಂದಿನ ಬೆಂಚಿನಲ್ಲಿ ಯಲ್ಲವ್ವ ಕೂತಿದ್ದಳು. ಬಾಣಂತಿಯ ಹಾಗೆ ತಲೆಗೆ ಬಟ್ಟೆ ಸುತ್ತಿದ್ದಳು, ಮಡಿಲು ಮಾತ್ರ ಬರಿದು. ಅಣ್ಣ ಅವಳ ಕಡೆ ತಲೆ ಎತ್ತಲಿಲ್ಲ.

ಇನಾಮದಾರರು ಮೊದಲು ನನ್ನ ಮೇಲೆ ಹರಿಹಾಯ್ದರು. "ಈಕೆ ಜನರನ್ನು ಎತ್ತಿಕಟ್ಟಿ ನಮ್ಮ ದಾಖಲೆಗಳನ್ನು ಕೆಡಿಸಿದ್ದಾಳೆ. ಇದು ಅಪರಾಧ."

"ಇಷ್ಟು ವರ್ಷ ದಿನಾ ಬಿಸಿನೀರು ಹಾಕಿದರಲ್ಲ ಸರ್, ಆಗ ದಾಖಲೆ ಕೆಡಲಿಲ್ಲವಾ?" ಎಂದೆ. "ಆಗ ಅದಕ್ಕೆ ಯಶಸ್ಸು ಅಂತಿದ್ರಿ. ಬಹುಮಾನ ತಗೊಂಡ್ರಿ. ಒಂದೇ ಒಂದು ದಿನ ಹಾಕಲಿಲ್ಲ, ಅದು ಅಪರಾಧ ಆಯ್ತಾ?"

ಸಮಿತಿಯ ಅಧ್ಯಕ್ಷರು ಮೇಜು ಕುಟ್ಟಿ ಇಬ್ಬರನ್ನೂ ಸುಮ್ಮನಿರಿಸಿದರು. ಕಂಪನಿಯ ವಕೀಲರು ಎದ್ದರು. ಪಳಪಳ ಹೊಳೆಯುವ ಬೂಟಿನ ಮನುಷ್ಯ. ಆದದ್ದಾಯಿತು, ವಾಹನ ಈಗ ತಾನಾಗಿ ಕಲಿತು ಸರಿಯಾಗಿದೆ, ಜನರಿಗೆ ಅಪಾಯವಿಲ್ಲ ಎಂದು ವಾದಿಸಿದರು. ಬೇಕಾದರೆ ಹೊಸ ಸಾಲನ್ನೇ ಓದುತ್ತೇನೆ ಎಂದು ಟ್ಯಾಬು ಎತ್ತಿಕೊಂಡರು.

"ಉಷ್ಣತೆ, ಹದಿನೈದು ಡಿಗ್ರಿಗಿಂತ ಕಡಿಮೆ. ಇಂಧನ, ನಾಲ್ಕೂವರೆ ಪಟ್ಟು. ಕಾರಣ..."

ನಿಂತರು. ಇನಾಮದಾರರ ಮುಖ ನೋಡಿದರು.

"ಓದಿ," ಅಂದರು ಅಧ್ಯಕ್ಷರು.

"ಅದು ಮುಖ್ಯವಲ್ಲ ಸರ್..."

"ಓದ್ರಿ ಅಂದೆ."

ವಕೀಲರು ದನಿ ತಗ್ಗಿಸಿ ಓದಿದರು. "ಕಾರಣ: ಕೆಂಚನಟ್ಟಿಯ ಯಲ್ಲವ್ವನ ಕೂಸು."

ಹಿಂದಿನ ಬೆಂಚಿನಿಂದ ಯಲ್ಲವ್ವ ಎದ್ದಳು. "ಏನಂದ್ರೀ? ನನ್ನ ಕೂಸಿಂದ್ಯಾಕ ತಗದ್ರಿ ನಿಮ್ಮ ಬಾಯಾಗ?"

ನಾನೇ ಎದ್ದು ಹೇಳಬೇಕಾಯಿತು. "ಯಲ್ಲವ್ವಾ, ಇನ್ನ ಮ್ಯಾಲೆ ಥಂಡ್ಯಾಗ ಗಾಡಿ ಏಳೂ ಮುಂದ ಎಷ್ಟ ಎಣ್ಣಿ ಬಿಡಬೇಕಂತ ಈ ಸಾಲ ನೋಡೇ ಬಿಡತಾವ. ಅದನ್ನ ನಿನ್ನ ಕೂಸಿನ ಹೆಸರಲೆ ಬರದೇನಿ. ಬರದದ್ದ ತಪ್ಪ ಅಂದ್ರ ತಗೀತೇನಿ."

ಅವಳು ವಕೀಲರ ಕಡೆ ಬೆರಳು ಮಾಡಿದಳು. "ಈ ಸಾಲ ಅವತ್ತ ಎಲ್ಲಿತ್ತರೀ?"

ಅಧ್ಯಕ್ಷರೂ ಇನಾಮದಾರರನ್ನು ಅದನ್ನೇ ಕೇಳಿದರು. ಈಗ ಬೇಕಾದ ಸಾಲು ಅವತ್ತು ಯಾಕಿರಲಿಲ್ಲ? ಯಾರು ತೆಗೆದರು? ಇನಾಮದಾರರು ಯಂತ್ರ ತೆಗೆಯಿತು ಅಂದರು. ಯಂತ್ರವನ್ನು ಇಟ್ಟವರು ಯಾರು ಅಂದರು ಅಧ್ಯಕ್ಷರು.

ಅಣ್ಣನ ಮೇಲಿನ ಕೇಸು ಬಿದ್ದುಹೋಯಿತು. ಅದೇ ದಿನ ಸಂಜೆ ನನ್ನ ಕೆಲಸವೂ ಹೋಯಿತು. ಕಂಪನಿಯವರು ಮಾತ್ರ ಚೆನ್ನಮ್ಮ ವೃತ್ತದಲ್ಲಿ ಮನೆಯೆತ್ತರದ ಫಲಕ ನಿಲ್ಲಿಸಿದ್ದಾರೆ: ತಾನಾಗಿ ಕಲಿಯುವ ವಾಹನ, ಚಳಿಗೂ ಅಂಜದು! ಅದನ್ನು ನೋಡಿದಾಗಲೆಲ್ಲ ಕಲ್ಲು ಹುಡುಕುವ ಹಾಗಾಗುತ್ತದೆ. ಆ ಸಾಲಿನ ಕಾರಣ ಅಳಿಸಲು ಅವರು ಎಷ್ಟು ತಿಣುಕಾಡಿದರೂ ಆಗಿಲ್ಲ. ಅದು ವಿಚಾರಣೆಯ ಸಾಕ್ಷ್ಯ, ಮುಟ್ಟಕೂಡದು ಎಂದು ಸಮಿತಿ ಆದೇಶ ಹೊರಡಿಸಿದೆ.

ಕೆಲಸಕ್ಕೆ ಮರಳುವ ದಿನ ಅಣ್ಣ ಚಳಿಯಲ್ಲೇ ಎದ್ದ. ಕೆಂಚನಟ್ಟಿಗೆ ಹೋಗಬೇಕಿದ್ದ ಆಂಬುಲೆನ್ಸು ನಮ್ಮ ಮನೆಯ ಮುಂದೆಯೇ ನಿಂತಿತ್ತು. ಅವ್ವ ಅಭ್ಯಾಸಬಲದಿಂದ ಬಿಸಿನೀರಿನ ಕೊಡ ಎತ್ತಿಕೊಂಡು ಹೊಸಿಲ ತನಕ ಬಂದು, ನೆನಪಾಗಿ ಅಲ್ಲೇ ನಿಂತಳು. ಅಣ್ಣ ಒಳಗೆ ಕೂತು ಎಷ್ಟೋ ಹೊತ್ತು ಕೀಲಿ ತಿರುಗಿಸಲಿಲ್ಲ. ಕಡೆಗೆ ತಿರುಗಿಸಿದ. ಗಾಡಿ ಒಂದೇ ಸಲಕ್ಕೆ ಎದ್ದಿತು.

ಕೊಡ ಕೆಳಗಿಟ್ಟು ಅವ್ವ ಅಲ್ಲೇ ಹೊಸಿಲ ಮೇಲೆ ಕುಸಿದು ಕೂತಳು. "ಇಷ್ಟ ಸರಳಿತ್ತೇನ ಇದು?" ಅಂದಳು. "ಇಷ್ಟ ಎಣ್ಣಿ ಬಿಡಾಕ ಅವರಿಗೆ ಒಂದ ಕೂಸ ಬೇಕಾತೇನ?"